ಗೆದ್ದವರೋ, ಗೆಲ್ಲಬಲ್ಲವರೋ?

ಆಟಕ್ಕೂ ಲೋಕದ ಇತರ ವ್ಯವಹಾರಗಳಿಗೂ ಇರುವ ಮುಖ್ಯವಾದ ವ್ಯತ್ಯಾಸವೆಂದರೆ, ಆಟದ ತೀರ್ಪು ಮೈದಾನದಲ್ಲಿಯೇ ಆಗಿಹೋಗುತ್ತದೆ. ಕವಿಯ ಹಿರಿಮೆಯನ್ನು ವಿಮರ್ಶಕರು ನಿರ್ಣಯಿಸಬೇಕು. ಗುಮಾಸ್ತೆಯ ಯೋಗ್ಯತೆಯನ್ನು ಮೇಲಧಿಕಾರಿ ಬರೆದಿಡಬೇಕು. ವಿದ್ಯಾರ್ಥಿಯ ಜಾಣತನವನ್ನು ಪರೀಕ್ಷಕನು ಅಳೆಯಬೇಕು. ಓಟಗಾರನಿಗೆ ಇಂಥವರ ಹಂಗಿಲ್ಲ. ಗೆರೆಯನ್ನು ಮೊದಲು ದಾಟಿದವನು ಮೊದಲಿಗ. ಅವನ ಮನೆತನವಾಗಲಿ, ಊರಾಗಲಿ, ನೋಡುವವರ ಮೆಚ್ಚಿಕೆಯಾಗಲಿ ಆ ಗೆರೆಯನ್ನು ಒಂದಂಗುಲವೂ ಅತ್ತಿತ್ತ ಸರಿಸಲಾರದು. ಆಟವನ್ನು ಜನ ಇಷ್ಟೊಂದು ಪ್ರೀತಿಸುವುದಕ್ಕೆ ಇದೂ ಒಂದು ಕಾರಣವಾಗಿದ್ದೀತು. ಬೇರೆಡೆಯಲ್ಲಿ ಅಪರೂಪವಾದ ನಿಚ್ಚಳ ನ್ಯಾಯ ಅಲ್ಲಿ ದೊರಕುತ್ತದೆ.

ಈ ನಿಯಮಕ್ಕೆ ಒಂದು ವಿಚಿತ್ರವಾದ ಅಪವಾದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿದೆ. ಅದು ಅಲ್ಲಿನ ಕಾಲೇಜು ಫುಟ್‌ಬಾಲ್. ಫುಟ್‌ಬಾಲ್ ಎಂದರೆ ಇಲ್ಲಿ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಯೊಡ್ಡಿ ಕೆಡಹುವ ಕಸುವಿನ ಆಟ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಆದ ಪಂದ್ಯವನ್ನು ಅದರ ಮೊದಲ ಪಂದ್ಯವೆಂದು ಎಣಿಸುತ್ತಾರೆ. ವಿದ್ಯಾರ್ಥಿಗಳ ಆಟವೆಂದು ಇದನ್ನು ಸಣ್ಣದೆಂದು ಭಾವಿಸಬಾರದು. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣ ಒಂದರಲ್ಲೇ ಒಂದು ಲಕ್ಷಕ್ಕೂ ಮೀರಿ ಜನ ಕುಳಿತು ನೋಡಬಹುದು. ಇಷ್ಟು ದೊಡ್ಡ ಆಟದಲ್ಲಿ ದೇಶಕ್ಕೆ ಮೊದಲಿಗರು ಯಾರೆಂಬ ಪ್ರಶ್ನೆಗೆ ಬಹುಕಾಲ ಮೈದಾನ ಉತ್ತರ ಹೇಳಲಿಲ್ಲ. ಜನರ ಅಭಿಪ್ರಾಯ ಹೇಳಿತು. ಇಂದಿಗೂ ಆ ಅಭಿಪ್ರಾಯದ ಹಿಡಿತ ಪೂರ್ತಿಯಾಗಿ ಸಡಿಲಿಲ್ಲ. ಪೈಪೋಟಿಯ ಕೊನೆಯ ಸುತ್ತುಗಳಿಗೆ ಪ್ರವೇಶ ಪಡೆಯುವ ತಂಡಗಳ ಸಂಖ್ಯೆಯನ್ನು 4ರಿಂದ 12ಕ್ಕೆ ಏರಿಸಿದ ಮೇಲೂ ‘ಇವರನ್ನೇಕೆ ಕರೆದಿರಿ, ಅವರನ್ನೇಕೆ ಬಿಟ್ಟಿರಿ’ ಎಂಬ ಕೂಗು ಅಡಗಿಲ್ಲ. ಆ ಕೂಗಿನಲ್ಲಿರುವ ನ್ಯಾಯವೆಷ್ಟು, ಗದ್ದಲವೆಷ್ಟು ಎಂದು ವಿಚಾರಮಾಡುವುದು ಈ ಲೇಖನದ ಉದ್ದೇಶ. ವಿಷಯ ದೂರದ ದೇಶದ್ದಾದರೂ, ಅರ್ಹತೆಯನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಯಾವ ದೇಶಕ್ಕೂ ದೂರದ್ದಲ್ಲ.

ತೊಡಕಿನ ಮೂಲವನ್ನು ಮೊದಲು ತಿಳಿಯಬೇಕು. 2025ರ ಋತುವಿನಲ್ಲಿ ಅಲ್ಲಿನ ಮೇಲ್ತರಗತಿಯಲ್ಲಿ 136 ವಿಶ್ವವಿದ್ಯಾನಿಲಯಗಳ ತಂಡಗಳಿದ್ದವು. ಒಂದೊಂದು ತಂಡವೂ ಋತುವಿನಲ್ಲಿ ಸಾಮಾನ್ಯವಾಗಿ 12 ಪಂದ್ಯಗಳನ್ನಾಡುತ್ತದೆ. ಮೈಮುರಿಯುವ ಆಟವಾದುದರಿಂದ ಅದಕ್ಕಿಂತ ಬಹಳ ಹೆಚ್ಚು ಆಡಿಸುವಂತಿಲ್ಲ. ಆಡುವ ಪಂದ್ಯಗಳಲ್ಲಿ ಬಹುಪಾಲು ‘ಕಾನ್ಫರೆನ್ಸ್’ ಎಂದು ಕರೆಯುವ ತಂತಮ್ಮ ಕೂಟದೊಳಗೇ ನಡೆಯುತ್ತವೆ. ಕೂಟಗಳೆಲ್ಲ ಸಮಬಲದವಲ್ಲ. ಒಂದು ತಂಡ ದುರ್ಬಲರ ನಡುವೆ ಹನ್ನೆರಡಕ್ಕೆ ಹನ್ನೆರಡನ್ನೂ ಗೆಲ್ಲಬಹುದು. ಇನ್ನೊಂದು ತಂಡ ಘಟಾನುಘಟಿಗಳ ನಡುವೆ ಹತ್ತನ್ನು ಗೆದ್ದು ಎರಡನ್ನು ಸೋತಿರಬಹುದು. ಇಬ್ಬರೂ ಮುಖಾಮುಖಿ ಆಡಿಯೇ ಇಲ್ಲ. ಹೀಗಿರಲು ಇಬ್ಬರಲ್ಲಿ ಮುಂದಿನವರು ಯಾರು? ನಮ್ಮ ರಣಜಿ ಪಂದ್ಯಗಳನ್ನು ನೋಡಿ ಬಲ್ಲವರು ಅಂಕಪಟ್ಟಿಯನ್ನು ತೆರೆದು ನೋಡಿರೆಂದು ಹೇಳಿಯಾರು. ಆದರೆ ಎಲ್ಲರೂ ಎಲ್ಲರೊಡನೆ ಆಡದ ಕಡೆ, ಇಡೀ ದೇಶಕ್ಕೆ ಒಂದೇ ಅಂಕಪಟ್ಟಿ ನಿಲ್ಲುವುದಿಲ್ಲ. ಅಭಿಪ್ರಾಯಕ್ಕೆ ಬಾಗಿಲು ತೆರೆದದ್ದು ಇಲ್ಲಿ.

ಆ ಬಾಗಿಲಿನಿಂದ ಮೊದಲು ಒಳಗೆ ಬಂದವರು ಪತ್ರಿಕೆಯವರು. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಕ್ರೀಡಾ ಬರಹಗಾರರ ಮತ ಪಡೆದು ವಾರವಾರವೂ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸತೊಡಗಿತು. 1950ರಿಂದ ತರಬೇತುದಾರರ ಮತದ ಇನ್ನೊಂದು ಪಟ್ಟಿ ಅದರ ಪಕ್ಕದಲ್ಲಿ ನಿಂತಿತು. ಎರಡೂ ಪಟ್ಟಿಗಳು ಒಪ್ಪದ ವರ್ಷ ದೇಶಕ್ಕೆ ಇಬ್ಬರು ಮೊದಲಿಗರು. 1997ರಲ್ಲಿ ಮಿಷಿಗನ್ನೂ ನೆಬ್ರಾಸ್ಕವೂ ಹಾಗೆ ಕಿರೀಟವನ್ನು ಹಂಚಿಕೊಂಡವು. ಇದನ್ನು ತಪ್ಪಿಸುವುದಕ್ಕಾಗಿ 1998ರಿಂದ ಮತಗಳನ್ನೂ ಗಣಕಯಂತ್ರಗಳ ಲೆಕ್ಕವನ್ನೂ ಕೂಡಿಸಿ ಎರಡು ತಂಡಗಳನ್ನು ಅಂತಿಮ ಪಂದ್ಯಕ್ಕೆ ಕರೆಯುವ ಏರ್ಪಾಡಾಯಿತು. 2004ರಲ್ಲಿ ಆಬರ್ನ್ ತಂಡ ಒಂದನ್ನೂ ಸೋಲದೆ ಹೊರಗುಳಿಯಿತು. ಸೋಲದವರೇ ಇನ್ನಿಬ್ಬರು ಅದಕ್ಕಿಂತ ಮುಂದಿದ್ದುದೇ ಕಾರಣ. 2014ರಿಂದ ನಾಲ್ಕು ತಂಡಗಳ ‘ಪ್ಲೇಆಫ್’ ಬಂದಿತು. ನಾಲ್ವರನ್ನು ಆರಿಸುವ ಹೊಣೆಯನ್ನು 13 ಜನರ ಸಮಿತಿಯೊಂದಕ್ಕೆ ಒಪ್ಪಿಸಿದರು. ವಿಶ್ವವಿದ್ಯಾನಿಲಯಗಳ ಕ್ರೀಡಾ ನಿರ್ದೇಶಕರು, ಹಿಂದಿನ ತರಬೇತುದಾರರು, ಹಿಂದಿನ ಆಟಗಾರರು ಮೊದಲಾದವರು ಅದರಲ್ಲಿರುತ್ತಾರೆ. ತನಗೆ ಸಂಬಂಧಪಟ್ಟ ತಂಡದ ಮಾತು ಬಂದಾಗ ಸದಸ್ಯನು ಎದ್ದು ಹೊರಗೆ ಹೋಗಬೇಕೆಂಬ ನಿಯಮವೂ ಇದೆ. ಆದುದರಿಂದ ಇವರೆಲ್ಲ ಪಕ್ಷಪಾತಿಗಳೆಂದು ಸುಲಭವಾಗಿ ದೂರಿಬಿಡುವುದು ಸರಿಯಲ್ಲ. ದೋಷವಿರುವುದು ಅವರ ಶೀಲದಲ್ಲಲ್ಲ. ಅವರಿಗೆ ಒಪ್ಪಿಸಿದ ಪ್ರಶ್ನೆಯಲ್ಲಿ.

ಆ ಪ್ರಶ್ನೆ ಯಾವುದು? ‘ದೇಶದ ಅತ್ಯುತ್ತಮ ನಾಲ್ಕು ತಂಡಗಳು ಯಾವುವು?’ ಎಂಬುದು. ನೋಡುವುದಕ್ಕೆ ನಿರಪಾಯವಾದ ಮಾತು. ಆದರೆ ‘ಅತ್ಯುತ್ತಮ’ ಎಂಬುದಕ್ಕೆ ಎರಡು ಅರ್ಥಗಳುಂಟು. ಈವರೆಗೆ ಯಾರು ಹೆಚ್ಚು ಸಾಧಿಸಿದ್ದಾರೆಂಬುದು ಒಂದರ್ಥ. ನಾಳೆ ಆಡಿದರೆ ಯಾರು ಗೆದ್ದಾರೆಂಬುದು ಇನ್ನೊಂದರ್ಥ. ಮೊದಲನೆಯದು ದಾಖಲೆಯನ್ನು ನೋಡಿ ಹೇಳಬೇಕಾದದ್ದು, ಎರಡನೆಯದು ಕವಡೆಯನ್ನು ನೋಡಿ ಹೇಳಬೇಕಾದದ್ದು. ಒಂದು ನ್ಯಾಯಾಧೀಶನ ಕೆಲಸ, ಇನ್ನೊಂದು ಜೋಯಿಸನ ಕೆಲಸ. ಸಾಮಾನ್ಯ ವರ್ಷಗಳಲ್ಲಿ ಎರಡೂ ಅರ್ಥಗಳು ಒಂದೇ ತಂಡದತ್ತ ಕೈತೋರುವುದರಿಂದ ಈ ಬಿರುಕು ಕಾಣುವುದಿಲ್ಲ. 2023ರ ಡಿಸೆಂಬರಿನಲ್ಲಿ ಅದು ಎಲ್ಲರಿಗೂ ಕಂಡಿತು.

ಆ ವರ್ಷ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯದ ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದಿತು. ತನ್ನ ಕೂಟದ ವಿಜೇತನೂ ಆಯಿತು. ಆ ಕೂಟ ದೇಶದ ಬಲಿಷ್ಠ ಕೂಟಗಳಲ್ಲೊಂದು. ಆದರೆ ನವೆಂಬರ್ ತಿಂಗಳಿನಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಕಾಲಿಗೆ ತೀವ್ರವಾದ ಪೆಟ್ಟುಬಿದ್ದು ಋತುವಿನಿಂದಲೇ ಹೊರಬಿದ್ದಿದ್ದನು. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಎಸೆದು ತಂಡವನ್ನು ಮುನ್ನಡೆಸುವವನು, ಸೇನೆಗೆ ಸಾರಥಿಯಂತೆ. ಅವನಿಲ್ಲದೆಯೂ ತಂಡ ಉಳಿದ ಪಂದ್ಯಗಳನ್ನು ಗೆದ್ದಿತು. ಆದರೂ ಸಮಿತಿ ಅದನ್ನು ಐದನೆಯ ಸ್ಥಾನಕ್ಕೆ ಇಳಿಸಿ, ತಲಾ ಒಂದು ಸೋಲು ಕಂಡಿದ್ದ ಟೆಕ್ಸಸ್ ಮತ್ತು ಅಲಬಾಮಾ ತಂಡಗಳನ್ನು ಒಳಗೆ ಕರೆಯಿತು. ಸಾರಥಿಯಿಲ್ಲದ ಈ ತಂಡ ಹಿಂದಿನ ತಂಡವಲ್ಲ, ಮುಂದಿನ ಪಂದ್ಯಗಳಲ್ಲಿ ನಿಲ್ಲಲಾರದು ಎಂಬುದು ಸಮಿತಿಯ ವಾದದ ಸಾರ. ಬಲಿಷ್ಠ ಕೂಟವೊಂದರ ಅಜೇಯ ವಿಜೇತನನ್ನು ಹೊರಗಿಟ್ಟದ್ದು ಪ್ಲೇಆಫ್ ಬಂದ ಮೇಲೆ ಅದೇ ಮೊದಲು. ತನ್ನ ಕಾಲು ಇನ್ನೂ ಮುಂಚೆಯೇ ಮುರಿದಿದ್ದರೆ, ಈ ತಂಡ ತನ್ನೊಬ್ಬನಿಂದಲೇ ನಿಂತಿಲ್ಲವೆಂಬುದು ಎಲ್ಲರಿಗೂ ತಿಳಿಯುತ್ತಿತ್ತಲ್ಲಾ ಎಂದು ಆ ಹುಡುಗ ಬಹಿರಂಗವಾಗಿ ಹಲುಬಿದನು. ತನಗಾದ ಪೆಟ್ಟಿಗೆ ಗೆಳೆಯರ ಕ್ಷಮೆ ಕೇಳುವಂಥ ಸ್ಥಿತಿಗೆ ಒಬ್ಬ ಆಟಗಾರನನ್ನು ತಂದು ನಿಲ್ಲಿಸಿದ ವ್ಯವಸ್ಥೆಯಲ್ಲಿ ಎಲ್ಲೋ ಒಂದು ದೊಡ್ಡ ದೋಷವಿದೆಯೆಂದು ತಿಳಿಯಲು ಹೆಚ್ಚಿನ ಆಲೋಚನೆ ಬೇಕಾಗಿಲ್ಲ.

ಅಧ್ಯಾಪಕರಿಗೆ ಇದನ್ನು ಹೀಗೆ ಹೇಳಬಹುದು. ಒಬ್ಬ ಹುಡುಗ ಎಲ್ಲ ವಿಷಯಗಳಲ್ಲಿಯೂ ಮೊದಲ ದರ್ಜೆಯ ಅಂಕಗಳನ್ನು ಪಡೆದಿದ್ದಾನೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಕಾಯಿಲೆ ಬಿದ್ದಿದ್ದಾನೆ. ಆಗ ಪರೀಕ್ಷಕನು, ‘ಇವನು ಬರೆದಿರುವುದೆಲ್ಲ ಸರಿ, ಆದರೆ ಮುಂದಿನ ತರಗತಿಯ ಪಾಠವನ್ನು ಈ ಕಾಯಿಲೆಯವನು ತಾಳಲಾರನು, ಆದುದರಿಂದ ಇವನಿಗಿಂತ ಕಡಿಮೆ ಅಂಕ ಬಂದ, ಗಟ್ಟಿಮುಟ್ಟಾದ ಇನ್ನೊಬ್ಬನನ್ನು ತೇರ್ಗಡೆ ಮಾಡೋಣ’ ಎಂದರೆ ನಾವು ಒಪ್ಪುತ್ತೇವೆಯೆ? ಆ ಪರೀಕ್ಷಕನ ಊಹೆ ನಿಜವೇ ಆದೀತು. ಹುಡುಗ ಮುಂದಿನ ವರ್ಷ ನಪಾಸಾಗಲೂಬಹುದು. ಆದರೂ ತೇರ್ಗಡೆ ಅವನ ಹಕ್ಕು. ಸೋಲುವ ಹಕ್ಕು ಕೂಡ ಅವನದೇ. ಅದನ್ನು ಅವನು ಮೈದಾನದಲ್ಲಿ ಅನುಭವಿಸಬೇಕೇ ಹೊರತು ಬೇರೊಬ್ಬರ ಕೊಠಡಿಯಲ್ಲಲ್ಲ.

ಸಮಿತಿಯ ಕಡೆಯವರು ಇದಕ್ಕೊಂದು ಉತ್ತರ ಕೊಡುತ್ತಾರೆ. ಮುಂದೆ ಆರೆಂಜ್ ಬೌಲ್ ಪಂದ್ಯದಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಜಾರ್ಜಿಯಾಕ್ಕೆ 63–3ರಿಂದ ಸೋಲಲಿಲ್ಲವೆ? ಊಹೆ ನಿಜವಾಯಿತಲ್ಲ? ಆದರೆ ಆ ಪಂದ್ಯಕ್ಕೆ ಫ್ಲಾರಿಡಾ ಸ್ಟೇಟ್‌ನ ಅನೇಕ ಮುಖ್ಯ ಆಟಗಾರರು ಇಳಿಯಲೇ ಇಲ್ಲ. ಹದಿಮೂರು ಗೆಲುವುಗಳಿಗೆ ಬೆಲೆಯಿಲ್ಲವೆಂದು ಹೇಳಿಸಿಕೊಂಡವರಿಗೆ ಹದಿನಾಲ್ಕನೆಯದರಲ್ಲಿ ಉತ್ಸಾಹವೆಲ್ಲಿಂದ ಬರಬೇಕು? ಬಳ್ಳಿಯನ್ನು ಕಿತ್ತು, ಬಾಡಿದ್ದನ್ನು ತೋರಿಸಿ, ‘ನೋಡಿದಿರಾ, ಬಾಡುವ ಬಳ್ಳಿ’ ಎಂದಂತೆ ಈ ಸಮರ್ಥನೆ.

ಊಹೆಯನ್ನು ನಂಬುವವರು ಮರೆಯುವ ಇನ್ನೊಂದು ಸಂಗತಿಯಿದೆ. ಪ್ಲೇಆಫಿನ ಮೊದಲ ವರ್ಷ, 2014ರಲ್ಲಿ, ಒಹಾಯೊ ಸ್ಟೇಟ್ ತಂಡದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡು ಕುಳಿತಿದ್ದರು. ಮೂರನೆಯ ಆಯ್ಕೆಯವನಾದ ಕಾರ್ಡೇಲ್ ಜೋನ್ಸ್ ಕೂಟದ ಅಂತಿಮ ಪಂದ್ಯದಲ್ಲಿ ವಿಸ್ಕಾನ್ಸಿನ್ ತಂಡವನ್ನು 59–0ರಿಂದ ಮಣಿಸಿದ ತಂಡವನ್ನು ನಡೆಸಿದನು. ನಾಲ್ಕನೆಯವರಾಗಿ ಒಳಗೆ ಬಂದ ಅವರು ರಾಷ್ಟ್ರದ ಕಿರೀಟವನ್ನೇ ಗೆದ್ದುಕೊಂಡರು. ಸಾರಥಿ ಬದಲಾದ ರಥ ಕದನವನ್ನು ಗೆಲ್ಲಲಾರದೆಂಬ ಶಾಸ್ತ್ರ ಎಲ್ಲಿಯೂ ಇಲ್ಲ. ಹಾಗಿರುವಾಗ ಒಂದು ವರ್ಷ ಗಾಯವನ್ನು ಕಡೆಗಣಿಸಿ, ಇನ್ನೊಂದು ವರ್ಷ ಗಾಯವನ್ನೇ ಹಿಡಿದು ತೂಗಿದರೆ, ತಕ್ಕಡಿಯ ಮೇಲೆ ಜನಕ್ಕೆ ನಂಬಿಕೆ ಉಳಿಯುವುದು ಕಷ್ಟ.

2024ರಿಂದ ಪ್ಲೇಆಫಿಗೆ 12 ತಂಡಗಳು ಬಂದವು. ಕೂಟಗಳ ವಿಜೇತರಲ್ಲಿ ಶ್ರೇಯಾಂಕದಿಂದ ಮುಂದಿದ್ದ ಐದು ತಂಡಗಳಿಗೆ 2024, 2025ರಲ್ಲಿ ಖಚಿತವಾದ ಸ್ಥಾನವಿತ್ತು. ಉಳಿದ ಏಳು ಸ್ಥಾನಗಳಿಗೆ ಸಮಿತಿಯ ಆಯ್ಕೆ. ಈ ವಿಸ್ತರಣೆಯಿಂದ ಒಳ್ಳೆಯದಾಗಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಮೊದಲ ವರ್ಷವೇ ಚಾಂಪಿಯನ್ ಆದ ಒಹಾಯೊ ಸ್ಟೇಟ್ ತಂಡಕ್ಕೆ ಸಮಿತಿ ಕೊಟ್ಟಿದ್ದ ಸ್ಥಾನ ಆರನೆಯದು. ಹಿಂದಿನಂತೆ ನಾಲ್ವರೇ ಆಗಿದ್ದರೆ ಅದು ಮನೆಯಲ್ಲಿ ಕುಳಿತಿರಬೇಕಾಗಿತ್ತು. ಒಂದನ್ನೂ ಸೋಲದೆ ಕೂಟವನ್ನು ಗೆದ್ದ ದೊಡ್ಡ ತಂಡ ಹೊರಗುಳಿಯುವ 2023ರಂಥ ಪ್ರಸಂಗ ಈಗ ಬಹುಮಟ್ಟಿಗೆ ಅಸಂಭವ. ನಾಲ್ವರ ಕಾಲದಲ್ಲಿ ಹೊರಗುಳಿದ ಐದನೆಯವನು ‘ನಾನೂ ಚಾಂಪಿಯನ್ ಆಗಬಹುದಿತ್ತು’ ಎಂದರೆ ಕೇಳುವಂತಿತ್ತು. ಹನ್ನೆರಡರ ಕಾಲದಲ್ಲಿ ಹೊರಗುಳಿಯುವವನು ಸಾಮಾನ್ಯವಾಗಿ ಎರಡೋ ಮೂರೋ ಪಂದ್ಯಗಳನ್ನು ಸೋತವನು. ಅವನ ಅಳಲಿನ ತೂಕ ಕಡಿಮೆ. ಅಷ್ಟರಮಟ್ಟಿಗೆ ವಿಸ್ತರಣೆ ಅನ್ಯಾಯದ ಮೊನೆಯನ್ನು ಮೊಂಡು ಮಾಡಿದೆ.

ಆದರೆ ಗೆರೆಯನ್ನು ದೂರಕ್ಕೆ ಸರಿಸಿದ ಮಾತ್ರಕ್ಕೆ ಗೆರೆ ಎಳೆಯುವ ಕೈ ಬದಲಾಗುವುದಿಲ್ಲ. 2025ರಲ್ಲಿ ಆದದ್ದನ್ನು ನೋಡಿ. ಋತುವಿನ ಮೊದಲ ವಾರದಲ್ಲಿ, ಆಗಸ್ಟ್ 31ರಂದು, ಮಯಾಮಿ ತಂಡ ನೋಟರ್ ಡೇಮ್ ತಂಡವನ್ನು 27–24ರಿಂದ ಸೋಲಿಸಿತು. ಇಬ್ಬರೂ ತಲಾ 10 ಗೆಲುವು, 2 ಸೋಲುಗಳೊಂದಿಗೆ ಋತುವನ್ನು ಮುಗಿಸಿದರು. ಸಮಿತಿ ನವೆಂಬರ್ ಮೊದಲ ವಾರದಿಂದ ಪ್ರತಿ ಮಂಗಳವಾರ ಪ್ರಕಟಿಸುತ್ತಿದ್ದ ಪಟ್ಟಿಗಳಲ್ಲಿ ನೋಟರ್ ಡೇಮ್ ಯಾವಾಗಲೂ ಮಯಾಮಿಗಿಂತ ಮೇಲೆಯೇ ಇತ್ತು. ಕೊನೆಯ ವಾರ ಇಬ್ಬರೂ ಆಡಲಿಲ್ಲ. ಆದರೂ ಅಂತಿಮ ಪಟ್ಟಿ ಬಂದಾಗ ಮಯಾಮಿ ಹತ್ತನೆಯದು, ನೋಟರ್ ಡೇಮ್ ಹನ್ನೊಂದನೆಯದು. ಕೂಟಗಳ ವಿಜೇತರಾದ ಇನ್ನಿಬ್ಬರಿಗೆ ಸ್ಥಾನ ಬಿಡಬೇಕಾದುದರಿಂದ ಹನ್ನೊಂದನೆಯವರು ಹೊರಗುಳಿದರು. ನಡುವೆ ಇದ್ದ ಇನ್ನೊಂದು ತಂಡ ಸೋತು ಕೆಳಗಿಳಿದ ಮೇಲೆ ಇವರಿಬ್ಬರೂ ಅಕ್ಕಪಕ್ಕ ಬಂದರು, ಆಗ ಮುಖಾಮುಖಿ ಪಂದ್ಯದ ಫಲವನ್ನು ಲೆಕ್ಕಕ್ಕೆ ಹಿಡಿದೆವು ಎಂಬುದು ಸಮಿತಿಯ ಸಮಜಾಯಿಷಿ.

ತೀರ್ಮಾನ ಸರಿಯಾದದ್ದೆಂದು ನಾನು ನಂಬುತ್ತೇನೆ. ಸಮಾನ ದಾಖಲೆಯ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನನ್ನು ಮೈದಾನದಲ್ಲಿ ಸೋಲಿಸಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಏನಿದೆ? ತಪ್ಪಿರುವುದು ರೀತಿಯಲ್ಲಿ. ಆಗಸ್ಟಿನಲ್ಲಿ ಆದ ಪಂದ್ಯದ ಫಲ ನವೆಂಬರಿನುದ್ದಕ್ಕೂ ಪೆಟ್ಟಿಗೆಯಲ್ಲಿ ಮಲಗಿದ್ದು, ಡಿಸೆಂಬರಿನ ಒಂದು ಬೆಳಗ್ಗೆ ಎದ್ದು ಬರಬಾರದಾಗಿತ್ತು. ನ್ಯಾಯ ಕೊನೆಗೆ ಸಿಕ್ಕಿತೆಂದು ಮಯಾಮಿಯವರು ಹಿಗ್ಗಿದರು. ನೋಟರ್ ಡೇಮಿನವರಾದರೋ ವಾರವಾರವೂ ‘ನೀವು ಒಳಗಿದ್ದೀರಿ’ ಎಂದು ಹೇಳಿಸಿಕೊಂಡು, ಏನನ್ನೂ ಮಾಡದೆ ಹೊರಬಿದ್ದರು. ಬೇಸರದಿಂದ ಆ ತಂಡ ಬೇರೆ ಯಾವ ಬೌಲ್ ಪಂದ್ಯಕ್ಕೂ ಹೋಗಲಿಲ್ಲ. ಅದೇ ವಾರ ಅಲಬಾಮಾ ತನ್ನ ಕೂಟದ ಅಂತಿಮ ಪಂದ್ಯದಲ್ಲಿ ಜಾರ್ಜಿಯಾಕ್ಕೆ 28–7ರಿಂದ ಸೋತಿತ್ತು. ಆದರೆ ಒಂಬತ್ತನೆಯ ಸ್ಥಾನದಿಂದ ಕದಲಲಿಲ್ಲ. ಸೋತವನು ನಿಂತಲ್ಲೇ ನಿಂತು, ಆಡದವನು ಕೆಳಗೆ ಬಿದ್ದುದನ್ನು ಕಂಡ ಜನ ಒಳಗಿನ ತರ್ಕವನ್ನು ತಿಳಿಯಲಾರದೆ ಹೋದರೆ ಅದು ಜನರ ತಪ್ಪಲ್ಲ.

ಇಲ್ಲೊಂದು ಗಂಭೀರವಾದ ಆಕ್ಷೇಪಣೆಗೆ ಉತ್ತರ ಹೇಳಬೇಕು. ಊಹೆಯನ್ನೂ ವಿವೇಚನೆಯನ್ನೂ ತೆಗೆದುಹಾಕಿ ಗೆಲುವುಗಳ ಸಂಖ್ಯೆಯನ್ನಷ್ಟೇ ಎಣಿಸಿದರೆ, ಜಾಣ ತಂಡಗಳು ದುರ್ಬಲರನ್ನೇ ಹುಡುಕಿ ಆಡತೊಡಗುವುದಿಲ್ಲವೆ? ಬಲಿಷ್ಠರೊಡನೆ ಆಡಿ ಸೋಲುವುದಕ್ಕಿಂತ ಆಡದಿರುವುದೇ ಲಾಭವಾಗುವುದಿಲ್ಲವೆ? 2024ರಲ್ಲಿ ಮೂರು ಪಂದ್ಯಗಳನ್ನು ಸೋತ ಅಲಬಾಮಾ ಹೊರಗುಳಿದು, ತನ್ನ ಕೂಟದ ಅಂತಿಮ ಪಂದ್ಯವನ್ನು ಕೊನೆಯ ಕ್ಷಣದಲ್ಲಿ ಸೋತ ಸದರ್ನ್ ಮೆಥಡಿಸ್ಟ್ ತಂಡ ಎರಡು ಸೋಲುಗಳೊಂದಿಗೆ ಒಳಗೆ ಬಂದಾಗ ಈ ಆಕ್ಷೇಪಣೆ ಗಟ್ಟಿಯಾಗಿಯೇ ಕೇಳಿಬಂದಿತು. ಇದರಲ್ಲಿ ಹುರುಳಿದೆ. ಎದುರಾಳಿಯ ಬಲವನ್ನು ತೂಗದೆ ಗೆಲುವನ್ನು ತೂಗಲಾಗದು. ಬೆಟ್ಟ ಹತ್ತಿ ನಡೆದ ಎರಡು ಮೈಲಿಯೂ ಬಯಲಿನಲ್ಲಿ ನಡೆದ ಎರಡು ಮೈಲಿಯೂ ಸಮವಲ್ಲ. ಆದುದರಿಂದ ವಿವೇಚನೆ ಬೇಕು. ಮನುಷ್ಯರ ಸಮಿತಿಯೂ ಬಹುಶಃ ಬೇಕು. ಆದರೆ ವಿವೇಚನೆ ಬೇರೆ, ಭವಿಷ್ಯ ಬೇರೆ. ಎದುರಾಳಿ ಎಷ್ಟು ಬಲಿಷ್ಠನಾಗಿದ್ದನು ಎಂಬುದು ನಡೆದದ್ದರ ವಿಚಾರ; ಅದನ್ನು ತೂಗಬಹುದು, ತರ್ಕಿಸಬಹುದು, ತಪ್ಪಿದ್ದರೆ ತೋರಿಸಬಹುದು. ನಾಳೆ ಯಾರು ಗೆದ್ದಾರು ಎಂಬುದನ್ನು ಯಾವ ತರ್ಕದಿಂದಲೂ ಅಲ್ಲಗಳೆಯುವಂತಿಲ್ಲ, ಆಡಿಯೇ ನೋಡಬೇಕು. ಹೊರಗಿಟ್ಟವರಿಗೆ ಆಡುವ ಅವಕಾಶವೇ ಇಲ್ಲವಾದುದರಿಂದ ಆ ಊಹೆ ಎಂದೆಂದಿಗೂ ತಪ್ಪೆಂದು ಸಿದ್ಧವಾಗದು. ತಪ್ಪೆಂದು ತೋರಿಸಲು ಸಾಧ್ಯವೇ ಇಲ್ಲದ ತೀರ್ಪಿಗೆ ಇನ್ನೊಬ್ಬರ ಶ್ರಮವನ್ನು ಒಪ್ಪಿಸುವುದು ಹೇಗೆ?

ಒಳಗೆ ಬಂದವರ ಮಟ್ಟಿಗಾದರೂ ಊಹೆಯ ಬೆಲೆ ಎಷ್ಟೆಂಬುದನ್ನು ಈ ಎರಡು ವರ್ಷಗಳು ತೋರಿಸಿಕೊಟ್ಟಿವೆ. 2024ರಲ್ಲಿ ನೇರವಾಗಿ ಎರಡನೆಯ ಸುತ್ತಿಗೆ ‘ಬೈ’ ಪಡೆದ ನಾಲ್ಕು ತಂಡಗಳೂ ತಮ್ಮ ಮೊದಲ ಪಂದ್ಯದಲ್ಲೇ ಸೋತವು. 2025ರಲ್ಲಿ ಹತ್ತನೆಯದಾಗಿ ನುಸುಳಿ ಬಂದ ಮಯಾಮಿ ಅಂತಿಮ ಪಂದ್ಯದವರೆಗೆ ನಡೆಯಿತು. ಎಲ್ಲಕ್ಕಿಂತ ದೊಡ್ಡ ಪಾಠ ಇಂಡಿಯಾನಾ ವಿಶ್ವವಿದ್ಯಾನಿಲಯದ್ದು. ದೊಡ್ಡ ತಂಡಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಸೋಲುಗಳನ್ನು ಕಂಡದ್ದೆಂದು ಹೆಸರಾದ ತಂಡ ಅದು. 2024ರಲ್ಲಿ 11 ಪಂದ್ಯಗಳನ್ನು ಗೆದ್ದು ಅದು ಪ್ಲೇಆಫಿಗೆ ಬಂದಾಗ, ಇಂಥವರಿಗೆ ಇಲ್ಲೇನು ಕೆಲಸವೆಂದು ಆಡಿಕೊಂಡವರು ಉಂಟು. ನೋಟರ್ ಡೇಮ್‌ಗೆ 27–17ರಿಂದ ಸೋತಾಗ ಅವರ ದನಿ ಇನ್ನೂ ಏರಿತು. ಮರುವರ್ಷ ಅದೇ ಇಂಡಿಯಾನಾ ಅಲಬಾಮಾವನ್ನು 38–3ರಿಂದ ಸೋಲಿಸಿ, 2026ರ ಜನವರಿ 19ರಂದು ಮಯಾಮಿಯನ್ನು 27–21ರಿಂದ ಗೆದ್ದು, ಹದಿನಾರಕ್ಕೆ ಹದಿನಾರು ಗೆಲುವುಗಳೊಂದಿಗೆ ಮೊದಲ ಬಾರಿಗೆ ರಾಷ್ಟ್ರದ ಕಿರೀಟವನ್ನು ಧರಿಸಿತು. ಹೆಸರನ್ನು ನೋಡಿ ಬೆಲೆ ಕಟ್ಟುವವರ ಕೈಯಲ್ಲಿ ಈ ತಂಡ ಎಂದಾದರೂ ಇಷ್ಟು ದೂರ ಬರುತ್ತಿತ್ತೆ?

ಸಣ್ಣ ಕೂಟಗಳ ತಂಡಗಳ ಪಾಡು ಇದಕ್ಕಿಂತ ಕಷ್ಟದ್ದು. 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡ ಒಂದನ್ನೂ ಸೋಲದಿದ್ದರೂ ಸಮಿತಿಯ ಅಂತಿಮ ಪಟ್ಟಿಯಲ್ಲಿ ಹನ್ನೆರಡನೆಯದಾಗಿತ್ತು. ಆಮೇಲೆ ಅದು ಆಬರ್ನ್ ತಂಡವನ್ನು 34–27ರಿಂದ ಸೋಲಿಸಿತು. ಆ ವರ್ಷದ ಅಂತಿಮ ಪಂದ್ಯವನ್ನು ಆಡಿದ ಅಲಬಾಮಾ, ಜಾರ್ಜಿಯಾ ಎರಡನ್ನೂ ಆಬರ್ನ್ ಹಿಂದೆ ಸೋಲಿಸಿತ್ತೆಂಬುದನ್ನು ನೆನೆಯಬೇಕು. 2025ರಲ್ಲಿ ಹೊಸ ನಿಯಮದ ಬಲದಿಂದ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ತಂಡಗಳು ಒಳಗೆ ಬಂದು ಮೊದಲ ಸುತ್ತಿನಲ್ಲೇ ಸೋತಾಗ, ದೊಡ್ಡವರ ಸ್ಥಾನವನ್ನು ಇವರು ಕಸಿದರೆಂದು ಹಲವರು ಮೂಗು ಮುರಿದರು. ಹಿಂದಿನ ವರ್ಷ ದೊಡ್ಡ ಕೂಟದ ಟೆನೆಸ್ಸೀ ತಂಡ ಅದೇ ಸುತ್ತಿನಲ್ಲಿ 42–17ರಿಂದ ಸೋತದ್ದು ಅವರಿಗೆ ನೆನಪಾಗಲಿಲ್ಲ. ಭಾರತದ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಅಸ್ತ್ರವಿದ್ಯೆಯ ರಂಗದಲ್ಲಿ ಬಿಲ್ಲು ಹಿಡಿದು ನಿಂತ ಕರ್ಣನನ್ನು ಕೃಪಾಚಾರ್ಯರು ಕೇಳಿದ್ದು ಗುರಿಯನ್ನಲ್ಲ, ಕುಲವನ್ನು. ಅಂದು ಆ ಪ್ರಶ್ನೆಗೆ ದುರ್ಯೋಧನ ರಾಜ್ಯವನ್ನೇ ಕೊಟ್ಟು ಉತ್ತರ ಹೇಳಬೇಕಾಯಿತು. ಇಂದು ಟುಲೇನಿಗೂ ಜೇಮ್ಸ್ ಮ್ಯಾಡಿಸನ್‌ಗೂ ಅಂಗರಾಜ್ಯ ಬೇಕಾಗಿಲ್ಲ. ರಂಗಕ್ಕೆ ಇಳಿಯುವ ಹಾದಿಯೊಂದು ಮುಚ್ಚದಿದ್ದರೆ ಸಾಕು.

ಆ ಹಾದಿಗೆ ಅಪಾಯವಿಲ್ಲದಿಲ್ಲ. 2026ರಿಂದ ಆರು ವರ್ಷಗಳ ಕಾಲ ಈ ಪಂದ್ಯಗಳ ದೂರದರ್ಶನದ ಹಕ್ಕಿಗೆ ಇ.ಎಸ್.ಪಿ.ಎನ್. ಸಂಸ್ಥೆ ವರ್ಷಕ್ಕೆ ಸುಮಾರು 130 ಕೋಟಿ ಡಾಲರುಗಳನ್ನು ಕೊಡುವುದಾಗಿ 2024ರಲ್ಲಿ ಒಪ್ಪಂದವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೌತ್‌ಈಸ್ಟರ್ನ್ ಮತ್ತು ಬಿಗ್ ಟೆನ್ ಎಂಬ ಎರಡೇ ಕೂಟಗಳಿಗೆ. ಮುಂದಿನ ಸ್ವರೂಪವನ್ನು ನಿರ್ಧರಿಸುವಲ್ಲಿಯೂ ಅವುಗಳದೇ ಮೇಲುಗೈ. ತಂಡಗಳ ಸಂಖ್ಯೆಯನ್ನು 16ಕ್ಕೆ ಏರಿಸಿ ಈ ಎರಡು ಕೂಟಗಳಿಗೆ ತಲಾ ನಾಲ್ಕು ಸ್ಥಾನಗಳನ್ನು ಮೊದಲೇ ಕಾದಿರಿಸಬೇಕೆಂಬ ಸಲಹೆಯೊಂದು 2025ರಲ್ಲಿ ಬಂದದ್ದುಂಟು. ಪಂದ್ಯ ಆರಂಭವಾಗುವ ಮೊದಲೇ ಪಂಕ್ತಿಯಲ್ಲಿ ಎಲೆ ಹಾಕಿಟ್ಟು ಹೆಸರು ಬರೆದಿಟ್ಟಂತೆ ಇದು. ಸಮಿತಿಯ ಊಹೆಯಲ್ಲಿ ವರ್ಷಕ್ಕೊಮ್ಮೆ ತಪ್ಪಾದೀತು. ಇಲ್ಲಿ ಆ ತಪ್ಪೇ ಶಾಸನವಾಗಿಬಿಡುತ್ತದೆ. ವಿಸ್ತರಣೆಯೆಂಬುದು ಬಾಗಿಲನ್ನು ಅಗಲಿಸುವುದೋ, ಅಥವಾ ಬಾಗಿಲೊಳಗೆ ಮೊದಲೇ ನಿಂತವರಿಗೆ ಇನ್ನಷ್ಟು ಕುರ್ಚಿ ಹಾಕುವುದೋ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ, ನಿಯಮ ಹೇಳುತ್ತದೆ.

ಹಾಗಾದರೆ ಆಗಬೇಕಾದುದೇನು? ದೂರದಿಂದ ನೋಡುವವರಿಗೂ ಕೆಲವು ಮಾತುಗಳು ಸ್ಪಷ್ಟವಾಗಿ ತೋರುತ್ತವೆ. ಕೂಟವನ್ನು ಗೆದ್ದವರಿಗೆ ಮೈದಾನದಲ್ಲಿ ದೊರೆತ ಸ್ಥಾನ ದೊಡ್ಡವರು ಸಣ್ಣವರೆಂಬ ಭೇದವಿಲ್ಲದೆ ಭದ್ರವಾಗಿರಬೇಕು. ಉಳಿದ ಸ್ಥಾನಗಳಿಗೆ ಯಾವ ಅಳತೆ ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಋತು ಆರಂಭವಾಗುವ ಮೊದಲೇ ಬರೆದು ಪ್ರಕಟಿಸಬೇಕು. ಮುಖಾಮುಖಿ ಪಂದ್ಯದ ಫಲ ಅದರಲ್ಲಿ ಮೇಲಿನ ಸಾಲಿನಲ್ಲಿರಬೇಕು. ಆಟಗಾರನ ಗಾಯವನ್ನು ತಂಡದ ಅರ್ಹತೆಯಿಂದ ಕಳೆಯುವ ಪದ್ಧತಿ ನಿಲ್ಲಬೇಕು. ಋತು ಮುಗಿಯುವ ಮುನ್ನ ವಾರವಾರ ಪಟ್ಟಿ ಹೊರಡಿಸಿ ಆಸೆ ಹುಟ್ಟಿಸುವ ದೂರದರ್ಶನದ ಪ್ರದರ್ಶನ ನಿಂತರೂ ಆಟಕ್ಕೆ ನಷ್ಟವಿಲ್ಲ. ಗುಟ್ಟಿನ ಮತಚೀಟಿಯ ಬದಲು ಸದಸ್ಯರು ತಂತಮ್ಮ ಮತವನ್ನೂ ಕಾರಣವನ್ನೂ ಬರೆದು ಸಹಿ ಮಾಡಬೇಕು. ನ್ಯಾಯಾಲಯದ ತೀರ್ಪಿಗೆ ಜನ ತಲೆಬಾಗುವುದು ಅದು ಯಾವಾಗಲೂ ಸರಿಯಾಗಿರುತ್ತದೆಂದಲ್ಲ, ಅದರ ಕಾರಣವನ್ನು ಓದಿ ನೋಡಬಹುದೆಂದು.

ಇವೆಲ್ಲ ಆದ ಮೇಲೆಯೂ ಯಾರೋ ಒಬ್ಬರು ಹೊರಗುಳಿಯುತ್ತಾರೆ. ಅವರ ಊರಿನಲ್ಲಿ ಸಂಕಟವಿದ್ದೇ ಇರುತ್ತದೆ. ಅದನ್ನು ತಪ್ಪಿಸುವ ಸಂಖ್ಯೆ ಗಣಿತದಲ್ಲಿಲ್ಲ. 12 ಇದ್ದರೆ ಹದಿಮೂರನೆಯವನು ಅಳುತ್ತಾನೆ, 16 ಆದರೆ ಹದಿನೇಳನೆಯವನು. ಅದೇ ದೇಶದ ಕಾಲೇಜು ಬಾಸ್ಕೆಟ್‌ಬಾಲ್ ಪೈಪೋಟಿ 2011ರಲ್ಲಿ 68 ತಂಡಗಳಿಗೆ ಬೆಳೆದ ಮೇಲೂ ಪ್ರತಿವರ್ಷ ಹೊರಗುಳಿದವರ ದೂರು ಇದ್ದೇ ಇತ್ತು. ಆದರೆ ಸೋಲಿನ ದುಃಖ ಬೇರೆ, ಅನ್ಯಾಯದ ದುಃಖ ಬೇರೆ. ‘ಆ ಪಂದ್ಯವನ್ನು ನಾವು ಗೆಲ್ಲಬೇಕಾಗಿತ್ತು’ ಎಂದು ಮರುಗುವ ಹುಡುಗ ಮರುವರ್ಷ ಇನ್ನಷ್ಟು ಹುಮ್ಮಸ್ಸಿನಿಂದ ಅಭ್ಯಾಸಕ್ಕೆ ಬರುತ್ತಾನೆ. ‘ನಾವು ಮಾಡಬೇಕಾದದ್ದೆಲ್ಲ ಮಾಡಿದೆವು, ಇನ್ನೇನು ಮಾಡಬೇಕಾಗಿತ್ತು?’ ಎಂದು ಕೇಳುವ ಹುಡುಗನಿಗೆ ಕೊಡಲು ಯಾರಲ್ಲಿಯೂ ಉತ್ತರವಿಲ್ಲ. ಆಯ್ಕೆಯ ನಿಯಮ ಒಳ್ಳೆಯದೋ ಕೆಟ್ಟದೋ ಎಂದು ಪರೀಕ್ಷಿಸುವುದಕ್ಕೆ ಇಷ್ಟೇ ಒರೆಗಲ್ಲು ಸಾಕು. ಋತುವಿನ ಮೊದಲ ದಿನ ಮೈದಾನಕ್ಕೆ ಇಳಿಯುವ ಆಟಗಾರನಿಗೆ, ‘ಏನು ಮಾಡಿದರೆ ನಾನು ಒಳಗೆ ಹೋಗುತ್ತೇನೆ?’ ಎಂಬುದಕ್ಕೆ ಆ ದಿನವೇ ಉತ್ತರ ತಿಳಿದಿರಬೇಕು. ಆ ಉತ್ತರ ಅವನ ಕೈಕಾಲುಗಳಲ್ಲಿರಬೇಕು, ಮತ್ತೊಬ್ಬರ ಕಣ್ಣುಗಳಲ್ಲಲ್ಲ.